ಗುಡ್ಡ ಹತ್ತಿದ ರೊಟ್ಟಿ ಅಕ್ಕ

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಹದಿನೈದು ದಿನ ತಡವಾಗಿ, ಉಣಕಲ್ಲಿನ ಕಿರಾಣಿ ಅಂಗಡಿಯಲ್ಲಿ. ಅವರ ಕಡಕ್ ರೊಟ್ಟಿಯ ಕಟ್ಟುಗಳನ್ನು ಇಡುತ್ತಿದ್ದ ಹಲಗೆ ಖಾಲಿಯಿತ್ತು. ನಾನು ಕೇಳಲಿಲ್ಲ, ಅಂಗಡಿಯವರೇ ಹೇಳಿದರು.

"ರೊಟ್ಟಿ ಅಕ್ಕ ಹೋದ್ರಲ್ರಿ ಮೇಡಂ. ಎದಿ ನೋವು ಅಂದ್ರಂತ, ದವಾಖಾನಿ ಮುಟ್ಟೂದ್ರೊಳಗ ಮುಗದಿತ್ತಂತ. ನಿಮಗ ಯಾರೂ ಹೇಳಲಿಲ್ಲೇನು? ನೀವು ಅವರಿಗೆ ಭಾಳ ಬೇಕಾದವರು."

"ಇಲ್ರಿ, ಗೊತ್ತಾಗಲಿಲ್ಲ" ಅಂದೆ. ಬೇಡದಿದ್ದರೂ ಒಂದು ಸಾಬೂನು ಕೊಂಡು ಹೊರಗೆ ಬಂದೆ. ಬೇಕಾದವರು ಎಂದರಲ್ಲ, ಆ ಮಾತು ಕಿವಿಯಲ್ಲೇ ಕುಳಿತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದರೆ ಅವರ ಮಗಳನ್ನು ಕೇಳಬೇಕು, ಕೇಳುವ ಮುಖ ನನಗಿಲ್ಲ. ಇನ್ನೂ ಒಂದು ನಿಜ ಹೇಳಬೇಕು. ಐದಾರು ವರ್ಷ ಅವರ ಕೈಯ ರೊಟ್ಟಿ ತಿಂದಿದ್ದೆನಾದರೂ ಅವರ ಹೆಸರೇನೆಂದು ನಾನು ಕೇಳಿರಲಿಲ್ಲ. ನಾವು ಗೆಳತಿಯರೆಲ್ಲ ಎದುರಿಗೆ 'ಅಕ್ಕಾರ' ಎನ್ನುತ್ತಿದ್ದೆವು, ಹಿಂದಿನಿಂದ 'ಆಕಿ' ಎನ್ನುತ್ತಿದ್ದೆವು.

ಗೋಪನಕೊಪ್ಪದ ಎರಡು ಕೋಣೆಯ ಮನೆಯಲ್ಲಿ ಅವರು ರೊಟ್ಟಿ ಬಡಿಯುತ್ತಿದ್ದರು. ತವರುಮನೆ ಅಣ್ಣಿಗೇರಿ ಕಡೆ, ಎರೆಹೊಲದ ಬಯಲುಸೀಮೆ. ಗಂಡ ತೀರಿಕೊಂಡ ಮೇಲೆ ಮಗಳೊಬ್ಬಳನ್ನು ಓದಿಸಿದ್ದೆಲ್ಲ ಆ ಹಂಚಿನ ಮುಂದೆ ಕುಳಿತೇ. ದಪ್ಪನೆಯ ಮೈ. ಬಳೆಗಳನ್ನು ಮೊಣಕೈಯವರೆಗೆ ಸರಿಸಿಕೊಂಡು ಕೆಲಸ ಮಾಡುತ್ತಿದ್ದರಿಂದ ಅವು ಅಲ್ಲಿಯೇ ಬಿಗಿಯಾಗಿ ಕುಳಿತಿರುತ್ತಿದ್ದವು. ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಜೋಳದ ಹಿಟ್ಟು. ರೊಟ್ಟಿ ಕೊಡುವಾಗ ಉಗುರಿನಿಂದ ಒಂದು ಸಲ ತಟ್ಟಿ ಸಪ್ಪಳ ಕೇಳಿಸುತ್ತಿದ್ದರು. "ಕೇಳ್ರಿ, ಹೆಂಗ ಮಾತಾಡ್ತೈತಿ!"

ಅವರ ಲೆಕ್ಕದಲ್ಲಿ ಎಲ್ಲವೂ ಮಾತಾಡುತ್ತಿದ್ದವು. ಹತ್ತದ ಒಲೆಗೆ ಬೈಯುತ್ತಿದ್ದರು, ಬಾರದ ಆಟೋಕ್ಕೆ ಬುದ್ಧಿ ಹೇಳುತ್ತಿದ್ದರು. ನಮ್ಮ ಮನೆ ಎರಡನೆಯ ಅಂತಸ್ತಿನಲ್ಲಿ. ರೊಟ್ಟಿಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವಾಗ ಅವರು ಮೆಟ್ಟಿಲುಗಳನ್ನೇ ಕೇಳುತ್ತಿದ್ದರು: "ಇನ್ನೂ ಎಷ್ಟ ಮಂದಿ ಅದೀರೋ ಯಪ್ಪಾ? ಮುಗೀರಿ ಇನ್ನ!" ನಾನು ಒಳಗಿನಿಂದಲೇ ನಗುತ್ತ ಬಾಗಿಲು ತೆಗೆಯುತ್ತಿದ್ದೆ. ಅವರೂ ನಗುತ್ತಿದ್ದರು. ಆಗ ನಾವಿಬ್ಬರೂ ಒಂದೇ ಕಾರಣಕ್ಕೆ ನಗುತ್ತಿದ್ದೇವೆ ಎಂದುಕೊಂಡಿದ್ದೆ.

ನಮ್ಮ ತಾಯಿ ಕೊನೆಯ ವರ್ಷ ನನ್ನ ಹತ್ತಿರವೇ ಇದ್ದರು. ಹಲ್ಲಿಲ್ಲದ್ದರಿಂದ ಕಡಕ್ ರೊಟ್ಟಿ ಅಗಿಯಲಾಗುತ್ತಿರಲಿಲ್ಲ. ನಾನು ಹೇಳದಿದ್ದರೂ ಅಕ್ಕ ಅದನ್ನು ಗಮನಿಸಿ, ತಾಯಿಗೆಂದೇ ಎರಡು ಮೆತ್ತನೆಯ ಬಿಸಿ ರೊಟ್ಟಿ ಅರಿವೆಯಲ್ಲಿ ಸುತ್ತಿ ತರತೊಡಗಿದರು. ಒಂದು ದಿನ ಕಾಲೇಜಿನಿಂದ ಬೇಗ ಬಂದಾಗ ನೋಡಿದೆ. ತಾಯಿಯ ಮಂಚದ ಹತ್ತಿರ ನೆಲದ ಮೇಲೆ ಕುಳಿತು ಹಾಲಿನಲ್ಲಿ ರೊಟ್ಟಿ ಮುರಿದು ಹಿಚುಕುತ್ತಿದ್ದರು. "ಯವ್ವಾ, ಒಂದ ತುತ್ತ. ನಿಮ್ಮ ಮಗಳು ಮಕ್ಕಳಿಗೆ ಪಾಠ ಹೇಳಾಕ ಹೋಗ್ಯಾಳ. ನಾನೂ ನಿಮ್ಮ ಮಗಳ ಅಂತ ತಿಳಕೋರಿ, ಸಾಲಿ ಕಲೀಲಾರದ ಮಗಳು."

ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದನ್ನು ಅವರ ಪರಿಚಯ ಸಾಲದೆ ಮಾಡಿದೆ ಎಂದು ಯಾರೂ ತಿಳಿಯಬಾರದು.

ನನಗೆ ಒಂದು ವಿದ್ಯೆಯಿದೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅವರ ಹಾಗೆಯೇ ಮಾತಾಡಬಲ್ಲೆ. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಉಣಕಲ್ ಕೆರೆಯ ಸುತ್ತ ಬೆಳಿಗ್ಗೆ ನಾವು ಆರು ಜನ ಗೆಳತಿಯರು ನಡೆಯುತ್ತೇವೆ. ಅಲ್ಲಿಯೂ ನನಗೆ ಬೇಡಿಕೆ ಅದರಿಂದಲೇ.

ಎರಡು ವರ್ಷದ ಹಿಂದೆ ದಸರೆ ಮುಗಿದಾಗ, ನಮ್ಮಲ್ಲಿ ಎಲ್ಲದಕ್ಕೂ ಮುಂದಾಗುವ ಶೋಭಾ ಗುಡ್ಡ ಹತ್ತುವ ಮಾತೆತ್ತಿದಳು. ಗದಗಿನ ಆಚೆ ಗುಡ್ಡಗಳ ಸಾಲಿದೆ, ಮಳೆ ನಿಂತಿದೆ, ಇನ್ನೂ ಹಸಿರಿದೆ, ಒಂದು ಟೆಂಪೋ ಮಾಡಿಕೊಂಡು ರವಿವಾರ ಹೋಗಿಬರೋಣ ಎಂದಳು. ಎಲ್ಲರೂ ಒಪ್ಪಿದೆವು. ಊಟದ್ದೇನು ಎಂಬ ಮಾತು ಬಂತು. ಆಗ ನಾನು ಹೇಳಿದೆ:

"ರೊಟ್ಟಿ ಅಕ್ಕನ್ನೂ ಕರ್ಕೊಂಡ ಹೋಗೋಣು. ಬುತ್ತಿ ಮಾಡೋ ಚಿಂತಿನೂ ಇಲ್ಲ, ಹೊರೋ ಚಿಂತಿನೂ ಇಲ್ಲ."

ಎಲ್ಲರೂ ನಕ್ಕರು. ಶೋಭಾ ಅಲ್ಲಿಂದಲೇ ಫೋನ್ ಮಾಡಿದಳು. ಅಕ್ಕ ಕೇಳಿದರಂತೆ, "ನಾನೂ ಬರಬೇಕೇನ್ರಿ? ನಿಮ್ಮ ಜೋಡಿ?"

ಅಕ್ಕನ ನಂಬರನ್ನು ಶೋಭಾ ನಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಟೆಂಪೋ ಎಷ್ಟು ಗಂಟೆಗೆ, ಎಲ್ಲಿ ನಿಲ್ಲಬೇಕು ಎಂದು ತಿಳಿಸುವ ಸಲುವಾಗಿ. ಗುಂಪಿಗೆ 'ಗುಡ್ಡದ ಗೆಳತಿಯರು' ಎಂದು ಹೆಸರಿಟ್ಟೆವು.

ರವಿವಾರ ನಸುಕಿನಲ್ಲಿ ಉಣಕಲ್ ಕ್ರಾಸಿಗೆ ಟೆಂಪೋ ಬಂದಾಗ ಅವರು ನಮಗಿಂತ ಮೊದಲೇ ಬಂದು ನಿಂತಿದ್ದರು. ಇಳಕಲ್ ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಹೊಸ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದರು. ಪಕ್ಕದಲ್ಲಿ ಎರಡು ದೊಡ್ಡ ಗಂಟು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಅವರಿಗೆ ಕಾಣಲಿಲ್ಲ. ಬೂಟು ಮುಂದೆ ಮಾಡಿ ನನಗೆ ತೋರಿಸಿದರು.

"ನಿನ್ನೆ ಮಗಳ ಜೋಡಿ ಹೋಗಿ ತಂದೆ ಮೇಡಮ್ಮಾರ. ಗುಡ್ಡಕ್ಕ ಚಪ್ಪಲ ನಡಿಯೂದಿಲ್ಲಂತಲ್ರಿ. ನಮ್ಮ ಕಡೆ ಗುಡ್ಡನ ಇಲ್ಲ ನೋಡ್ರಿ, ಬರೇ ಬಯಲ. ಇಷ್ಟ ವಯಸ್ಸಾದ್ರೂ ನಾ ಒಂದ ಗುಡ್ಡ ಹತ್ತಿಲ್ಲ."

ದಾರಿಯುದ್ದಕ್ಕೂ ಅವರು ಕಿಟಕಿಯ ಹತ್ತಿರ ಕುಳಿತು ಹೊಲಗಳ ಸುದ್ದಿ ಹೇಳುತ್ತಲೇ ಇದ್ದರು. ಶೀಗಿ ಹುಣ್ಣಿಮೆ ಆಗಿ ಎರಡೋ ಮೂರೋ ದಿನವಾಗಿತ್ತು. ಆ ಹಬ್ಬದಲ್ಲಿ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಚರಗ ಚೆಲ್ಲುತ್ತಾರೆ, ಎಂದರೆ ಮಾಡಿದ ಅಡುಗೆಯಲ್ಲಿ ಮೊದಲ ಪಾಲನ್ನು ಭೂಮಿಗೆ ಬೀರುತ್ತಾರೆ. ಅವರು ಹುಬ್ಬಳ್ಳಿಗೆ ಬಂದ ಮೇಲೆ ಚರಗ ಚೆಲ್ಲಿರಲಿಲ್ಲವಂತೆ. "ಇವತ್ತ ಗುಡ್ಡದ ಮ್ಯಾಲ ಚೆಲ್ತೇನ್ರಿ. ಹೊಲ ಆದ್ರೇನು, ಗುಡ್ಡ ಆದ್ರೇನು, ಆಕಿನ ಅಲ್ಲ?" ಎಂದರು. ಆಕಿ ಎಂದರೆ ಭೂಮಿ.

ಗುಡ್ಡದ ಬುಡದಲ್ಲಿ ನಾವು ನೀರಿನ ಬಾಟಲಿ, ಟೊಪ್ಪಿಗೆ, ಕೋಲು ಎಂದು ಹಂಚಿಕೊಂಡೆವು. ಗಂಟುಗಳನ್ನು ಅವರು ಎತ್ತಿಕೊಂಡರು. ಒಂದು ತಲೆಯ ಮೇಲೆ, ಒಂದು ಕಂಕುಳಲ್ಲಿ. "ಕೊಡ್ರಿ ಅಕ್ಕಾರ, ಒಂದ ನಾ ಹಿಡಕೋತೇನಿ" ಎಂದು ನಾನು ಕೇಳಿದೆ. "ಬ್ಯಾಡ್ರಿ, ನಿಮಗ ರೂಢಿ ಇಲ್ಲ" ಎಂದರು. ಎರಡನೆಯ ಸಲ ನಾನು ಕೇಳಲಿಲ್ಲ.

ದಾರಿ ಮೊದಲು ಹುಲ್ಲಿನ ನಡುವೆ, ಆಮೇಲೆ ಕಲ್ಲುಗಳ ಮೇಲೆ. ಹುಲ್ಲು ಎದೆಮಟ್ಟ ಬೆಳೆದು ತುದಿಯಲ್ಲಿ ಕೆಂಪಗಾಗಿತ್ತು. ಅವರು ಹಿಂದೆ ಬಿದ್ದರು. ಅವರ ಏದುಸಿರು ಮತ್ತು ಮಾತು ಎರಡೂ ಕೆಳಗಿನಿಂದ ಕೇಳಿಬರುತ್ತಿದ್ದವು. ಗುಡ್ಡಕ್ಕೇ ಹೇಳುತ್ತಿದ್ದರು: "ತಡಿಯೋ ಯಪ್ಪಾ... ಬರಾಕತ್ತೇನಿ... ನೀ ಏನ, ಕುಂತಲ್ಲೇ ಕುಂತಿ... ನಡದ ಬರಾಕಿ ನಾನಲ್ಲ?"

ನಾವು ಆರು ಜನ ತುದಿ ಮುಟ್ಟಿ ಒಂದು ಬಂಡೆಯ ಮೇಲೆ ಕುಳಿತೆವು. ಗಾಳಿ ತಣ್ಣಗಿತ್ತು. ಕೆಳಗೆ ಅಷ್ಟುದೂರ ಗೋವಿನಜೋಳ, ಹತ್ತಿಯ ಹೊಲಗಳು ಚೌಕಚೌಕವಾಗಿ ಕಾಣುತ್ತಿದ್ದವು. ಅವರು ಇನ್ನೂ ಬಂದಿರಲಿಲ್ಲ. ಶೋಭಾ ನನ್ನ ಕಡೆ ನೋಡಿ, "ಏ, ಆಕೀದು ಒಂದ ಮಾಡ" ಎಂದಳು.

ನಾನು ಎದ್ದು ನಿಂತೆ. ಒಂದು ಜರ್ಕಿನ್ ಸುತ್ತಿ ತಲೆಯ ಮೇಲಿಟ್ಟುಕೊಂಡೆ, ಒಂದು ಚೀಲ ಕಂಕುಳಿಗೆ ಸಿಕ್ಕಿಸಿಕೊಂಡೆ. ಹೊಟ್ಟೆ ಮುಂದೆ ಮಾಡಿ, ಕಾಲು ಎಳೆದು, ಏದುಸಿರು ಬಿಡುತ್ತ ಬಂಡೆಯ ಮೇಲೆ ಹತ್ತಿ ಇಳಿದೆ. "ತಡಿಯೋ ಯಪ್ಪಾ... ಬರಾಕತ್ತೇನಿ..." ಬೂಟು ತೋರಿಸಿದ್ದನ್ನೂ ಬಿಡಲಿಲ್ಲ. "ಗುಡ್ಡಕ್ಕ ಚಪ್ಪಲ ನಡಿಯೂದಿಲ್ಲಂತಲ್ರಿ ಮೇಡಮ್ಮಾರ!" ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ನಾನು ಮಾಡಿರಲಿಲ್ಲ. ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ಫೋನಿನಲ್ಲಿ ತೆಗೆಯುತ್ತಿದ್ದಳು. ಅದು ಕಂಡ ಮೇಲೆ ನಾನು ಇನ್ನೊಂದು ಸಲ, ಇನ್ನೂ ಜೋರಾಗಿ ಮಾಡಿದೆ.

ನಗು ಇಳಿಯುವಷ್ಟರಲ್ಲಿ ಅವರು ಬಂದರು. ತಡವಾದದ್ದು ಏದುಸಿರಿನಿಂದಷ್ಟೇ ಅಲ್ಲ. ಸೆರಗಿನ ಉಡಿಯ ತುಂಬ ಸೀತಾಫಲ ಕಿತ್ತು ತಂದಿದ್ದರು.

"ಏನ್ ನಗಾಕತ್ತೀರಿ ಎಲ್ಲಾರೂ? ನನಗೂ ಹೇಳ್ರೆವಾ" ಎಂದರು.

"ಏನಿಲ್ರಿ ಅಕ್ಕಾರ, ಮೇಡಂ ತಮ್ಮ ಕಾಲೇಜಿಂದು ಏನೋ ಹೇಳಾಕತ್ತಿದ್ರು" ಎಂದಳು ಶೋಭಾ.

ಅವರೂ ನಕ್ಕರು. ಏನೆಂದು ತಿಳಿಯದಿದ್ದರೂ, ನಾವೆಲ್ಲ ನಗುತ್ತಿದ್ದೇವೆಂದು ಮನಸಾರೆ ನಕ್ಕರು. ಆಮೇಲೆ ಗಂಟು ಬಿಚ್ಚಿ, ರೊಟ್ಟಿ, ಎಣಗಾಯಿ ಪಲ್ಯ, ಗುರೆಳ್ಳು ಚಟ್ನಿ, ಮೊಸರು ಹರಡಿದರು. ಎಲ್ಲದರಲ್ಲೂ ಚೂರುಚೂರು ಮುರಿದು ಬೊಗಸೆಯಲ್ಲಿ ಹಿಡಿದು, ಬಂಡೆಯ ಅಂಚಿಗೆ ಹೋಗಿ ನಾಲ್ಕೂ ದಿಕ್ಕಿಗೆ ಬೀರಿದರು. ಬೀರುವಾಗ ಏನೋ ಕೂಗಿದರು. ಗಾಳಿಯಲ್ಲಿ ನಮಗೆ ಕೇಳಿಸಲಿಲ್ಲ. ತಿರುಗಿದಾಗ ಅವರ ಕಣ್ಣು ಒದ್ದೆಯಾಗಿದ್ದವು. ನಾವು ಆಗಲೇ ತಿನ್ನಲು ಶುರುಮಾಡಿದ್ದೆವು.

ಇಳಿಯುವಾಗ ನನಗೆ ತೊಂದರೆಯಾಯಿತು. ಹತ್ತುವಾಗ ಗೊತ್ತಾಗದ ಒಂದು ಜಾಗ, ಕಡಿದಾದ ಕಲ್ಲಿನ ಇಳಿಜಾರು. ಕೆಳಗೆ ನೋಡಿದ್ದೇ ನನಗೆ ಹೆಜ್ಜೆ ಎತ್ತಲಾಗಲಿಲ್ಲ. ಮುಂದಿನವರು ಇಳಿದುಹೋಗಿದ್ದರು. ಕೂಗಲು ನಾಚಿಕೆ. ಕಲ್ಲು ಹಿಡಿದು ಕುಳಿತುಬಿಟ್ಟೆ. ಅಕ್ಕ ನನ್ನ ಕೆಳಗೆ ಹತ್ತು ಹೆಜ್ಜೆ ಇದ್ದವರು ತಿರುಗಿ ನೋಡಿ, ಖಾಲಿ ಗಂಟುಗಳನ್ನು ಅಲ್ಲಿಯೇ ಒಗೆದು ಮೇಲೆ ಹತ್ತಿಬಂದರು. ಅದೇ ಏದುಸಿರು.

"ಅಂಜಬ್ಯಾಡ್ರಿ. ಕೆಳಗ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ."

ಅವರು ಹಿಂದುಹಿಂದಾಗಿ ಇಳಿಯುತ್ತ, ನನ್ನ ಒಂದೊಂದೇ ಪಾದವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಇಡುತ್ತ ಬಂದರು. "ಎಡಗಾಲ ಇಡ್ರಿ... ಹಾಂ. ಈಗ ಬಲಗಾಲ... ನನ್ನ ಹೆಗಲ ಮ್ಯಾಲ ಕೈ ಊರ್ರಿ, ನಾ ಗಟ್ಟಿ ಅದೇನಿ." ಒಂದು ಸಲ 'ಮೇಡಮ್ಮಾರ' ಎನ್ನುವುದನ್ನು ಮರೆತು "ತಂಗೀ" ಎಂದರು. ಆ ಹೊಸ ಬೂಟು ಆಗಲೇ ಕೆಂಪು ಮಣ್ಣಾಗಿ ಒಂದು ಕಡೆ ಬಾಯಿ ಬಿಟ್ಟಿತ್ತು. ನನ್ನ ಕಾಲು ಹಿಡಿದಿದ್ದ ಆ ಕೈಗಳನ್ನು ನೋಡುತ್ತ, ಆ ವಿಡಿಯೋ ಅಳಿಸಲು ಹೇಳಬೇಕು ಎಂದುಕೊಂಡೆ. ಖಂಡಿತ ಹೇಳಬೇಕು ಎಂದುಕೊಂಡೆ.

ಟೆಂಪೋದಲ್ಲಿ ಹಾಡು, ಹರಟೆ ನಡೆದಿತ್ತು. ಹೇಳಲಿಲ್ಲ. ಉಣಕಲ್ಲಿನಲ್ಲಿ ಇಳಿಯುವಾಗ ಅಕ್ಕ ಸೀತಾಫಲ ಹಂಚಿದರು. ನನ್ನ ಚೀಲಕ್ಕೆ ಎಲ್ಲರಿಗಿಂತ ದೊಡ್ಡವನ್ನು ಆರಿಸಿ ಹಾಕಿದರು.

ಮನೆಗೆ ಬಂದು ಕಾಲು ತೊಳೆದು ಫೋನ್ ನೋಡಿದರೆ ವಿಡಿಯೋ ಗುಂಪಿನಲ್ಲಿ ಬಂದಿತ್ತು. ಅದರ ಕೆಳಗೆ ನಗುವ ಮುಖಗಳ ಸಾಲು. 'ಇವರಿಗೆ ಪ್ರಶಸ್ತಿ ಕೊಡಬೇಕು' ಎಂದು ಒಬ್ಬಳು ಬರೆದಿದ್ದಳು. ನಾನು ಅದನ್ನು ಎರಡು ಸಲ ನೋಡಿದೆ. ಬೆಳಗಾವಿಯಲ್ಲಿರುವ ತಂಗಿಗೂ ಕಳಿಸಿದೆ. ಗುಂಪಿನಲ್ಲಿ ನಾನೇ ಬರೆದೆ: 'ಆಕಿ ಮುಂದ ಇದೇನೂ ಅಲ್ಲ, ಖರೇದು ಇನ್ನೂ ಛಲೋ ಇತ್ತು.'

ಸ್ವಲ್ಪ ಹೊತ್ತಿಗೆ ಶೋಭಾಳ ಫೋನ್ ಬಂತು. ದನಿ ಸಣ್ಣದಾಗಿತ್ತು.

"ಗ್ರೂಪಿನ್ಯಾಗಿಂದ ಒಬ್ಬರು ಹೊರಗ ಹೋಗ್ಯಾರ. ನನಗಷ್ಟ ತೋರಸ್ತದ, ನಾ ಅಡ್ಮಿನ್ ಅಲ್ಲ?"

"ಯಾರು?" ಎಂದೆ.

ಕೇಳುವಾಗಲೇ ನನಗೆ ಹೊಳೆಯಿತು.

"ಆಕಿ ನಂಬರ ಹಾಕಿದ್ದು ನಾನ ಮರತಬಿಟ್ಟಿದ್ದೆ" ಎಂದಳು. ಆಮೇಲೆ ಸಮಾಧಾನ ಹೇಳಿದಳು. "ಇರ್ಲಿ ಬಿಡ. ಆಕಿ ಪೂರ್ತಿ ನೋಡಿರ್ಲಿಕ್ಕಿಲ್ಲ. ನೋಡಿದ್ರೂ ಆಕಿಗೆ ಏನ್ ತಿಳೀತದ?"

ಆ ಮಾತನ್ನು ಹಿಡಿದುಕೊಂಡು ನಾನು ಒಂದು ವಾರ ಕಳೆದೆ. ವಿಡಿಯೋವನ್ನು ಮತ್ತೊಮ್ಮೆ ನೋಡಿದೆ. ಈ ಸಲ ನಗು ಬರಲಿಲ್ಲ. ನಾನು ಅಣಕಿಸಿದ ಆ ಏದುಸಿರು ನಮ್ಮ ಆರೂ ಜನರ ಊಟವನ್ನು ತಲೆಯ ಮೇಲೆ ಹೊತ್ತು ಬಂದದ್ದರಿಂದ ಆದದ್ದು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಅವರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ನಾನೂ ಕರೆಯಲಿಲ್ಲ. ರೊಟ್ಟಿ ಬೇರೆ ಕಡೆ ತರತೊಡಗಿದೆ. ಒಂದು ಸಲ ಗೋಪನಕೊಪ್ಪದ ರಸ್ತೆಯಲ್ಲಿ ಎದುರಿಗೆ ಬುಟ್ಟಿ ಹೊತ್ತು ಬರುವುದು ಕಂಡು ಸ್ಕೂಟರನ್ನು ಓಣಿಯೊಳಗೆ ತಿರುಗಿಸಿಬಿಟ್ಟೆ. ಹೀಗೆ ಆರು ತಿಂಗಳು ಕಳೆದವು. ತಾಯಿಯ ತಿಥಿಯ ದಿನ, ಅಡುಗೆಮನೆಯಲ್ಲಿ ಹಾಲಿನ ಬಟ್ಟಲು ಕೈಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಮರುದಿನ ಸಂಜೆ ಅವರ ಮನೆಗೆ ಹೋದೆ.

ಅಕ್ಕ ಹಂಚಿನ ಮುಂದೆ ಕುಳಿತಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದರು. "ಬರ್ರಿ, ಕುಂದರ್ರಿ" ಎಂದರು. ಮುಂಚಿನ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವರ ಮಗಳು ಮೆಡಿಕಲ್ ಶಾಪಿನ ಕೆಲಸದಿಂದ ಆಗಷ್ಟೇ ಬಂದಿದ್ದಳು. ಇಪ್ಪತ್ತೈದರ ಹುಡುಗಿ. ನನ್ನನ್ನು ನೋಡಿದವಳೇ ಮಾತಾಡದೆ ಒಳಗೆ ಹೋಗಿ ಚಹಾಕ್ಕಿಟ್ಟಳು.

"ಅಕ್ಕಾರ, ನನ್ನಿಂದ ಭಾಳ ದೊಡ್ಡ ತಪ್ಪ ಆಗೇದ" ಎಂದೆ. ಮುಂದಿನ ಮಾತುಗಳನ್ನು ದಾರಿಯಲ್ಲೆಲ್ಲ ಹೊಂದಿಸಿಕೊಂಡು ಬಂದಿದ್ದೆ. ಹೇಳಿದ್ದು ಇದೊಂದೇ.

ಅವರು ನನ್ನ ಮುಖವನ್ನೇ ನೋಡುತ್ತ ಕುಳಿತರು. "ತಪ್ಪಾತು ಅಂತ ಮನೀತನಕ ಬಂದ್ರ ನಾ ಏನ್ ಅನಬೇಕ್ರಿ? ಇರ್ಲಿ ಬಿಡ್ರಿ ಅನಬೇಕು. ಇರ್ಲಿ ಬಿಡ್ರಿ." ಆಮೇಲೆ ಸ್ವಲ್ಪ ಹೊತ್ತು ಬಳೆ ತಿರುಗಿಸಿದರು. "ನಾ ದಪ್ಪ ಅದೇನಿ, ಖರೇನ. ದಮ್ಮ ಹತ್ತತೈತಿ, ಅದೂ ಖರೇ. ಅದಕ್ಕ ನಕ್ರ ನನಗ ಅಷ್ಟ ಏನ ಅನಸಲಿಲ್ಲ. ಇನ್ನೊಂದ ಮಾತ ಮಾತ್ರ ಮನಸಿನ್ಯಾಗ ಕುಂತೈತಿ. ಕೇಳ್ಲೇನ್ರಿ?"

"ಕೇಳ್ರಿ."

"ನನ್ನ ಗುಡ್ಡಕ್ಕ ಕರದಿದ್ದು ರೊಟ್ಟಿ ಸಲುವಾಗಿ ಏನ್ರಿ? ನನ್ನ ಮಗಳು ಹಂಗ ಅಂತಾಳ. ರೊಟ್ಟಿ ಸಲುವಾಗಿ ಕರದಾರ, ನಿನ್ನ ಸಲುವಾಗಿ ಅಲ್ಲ ಅಂತಾಳ. ನಾ ಅಂದೆ, ಇಲ್ಲವಾ, ರೊಟ್ಟಿ ಬೇಕಾಗಿದ್ರ ಕಟ್ಟಿಸಿಕೊಂಡ ಹೋಗತಿದ್ರು, ನನ್ನ ಯಾಕ ಕರೀತಿದ್ರು?"

ಒಳಗೆ ಚಹಾದ ಪಾತ್ರೆಯ ಸಪ್ಪಳ ನಿಂತಿತು. ಮಗಳು ಬಾಗಿಲಿಗೆ ಬಂದು ನಿಂತಿದ್ದಳು.

ನಿಜ ಹೇಳಲೆಂದೇ ಬಂದವಳು ನಾನು. ಬುತ್ತಿಯ ಚಿಂತೆ ಇಲ್ಲ ಎಂಬ ಆ ಮಾತು ಆಡಿದವಳು ನಾನೇ. ಅಕ್ಕನ ಮುಖ ನೋಡಿದೆ. ಹುಬ್ಬಿನ ಮೇಲೆ ಹಿಟ್ಟಿತ್ತು.

"ಇಲ್ರಿ ಅಕ್ಕಾರ" ಎಂದೆ. "ನೀವು ನಮ್ಮ ಜೋಡಿ ಇರಲಿ ಅಂತ ಕರದಿದ್ವಿ."

ಅವರ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ? ಆರು ತಿಂಗಳ ಭಾರ ಇಳಿಸಿದವರ ಹಾಗೆ ಅವರು ಮಗಳ ಕಡೆ ತಿರುಗಿದರು. "ಕೇಳಿದೇನು? ನಾ ಹೇಳಿದ್ನಿಲ್ಲೋ? ಮಂದಿ ಮ್ಯಾಲ ಹಂಗ ಲಗೂನ ಮಾತ ಹೊರಸಬಾರದು." ನನ್ನ ಕೈ ಹಿಡಿದರು. "ಆ ವಿಡಿಯೋದ್ದು ಹೋತ ಬಿಡ್ರಿ. ಗೆಳತ್ಯಾರು ಅಂದಮ್ಯಾಲ ನಗ್ತೀವಿ, ಆಡಸ್ತೀವಿ." ಚಹಾ ಕುಡಿಸಿದರು, ಹಂಚಿನ ಮೇಲಿಂದ ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಿನ್ನಿಸಿದರು. ಮುಂದಿನ ವರ್ಷ ಯಾವ ಗುಡ್ಡ ಎಂದು ಕೇಳಿದರು. ನಾನು ಹೂಂ ಹೂಂ ಎನ್ನುತ್ತ ನುಂಗಿದೆ.

ಹೊರಡುವಾಗ ಮಗಳು ಗೇಟಿನವರೆಗೆ ಬಂದಳು. ಅಕ್ಕ ಒಳಗಿದ್ದರು.

"ಮೇಡಂ" ಎಂದಳು, ದನಿ ಏರಿಸದೆ. "ನೀವು ಅವ್ವಗ ಸುಳ್ಳ ಹೇಳಿದ್ರಿ."

ನಾನು ಗೇಟಿನ ಚಿಲಕ ತೆಗೆದೆ.

"ಹೇಳಿದ್ದು ಛಲೋ ಆತು. ಆಕಿ ಇವತ್ತ ಹೊಟ್ಟಿತುಂಬ ಉಣ್ಣತಾಳ. ಆದ್ರ ಇನ್ನ ಬರಬ್ಯಾಡ್ರಿ. ನೀವು ಬಂದಷ್ಟ ಸಲ ಆಕಿ ನಿಮ್ಮನ್ನ ನಂಬತಾಳ. ನನಗ ನೋಡಾಕ ಆಗೂದಿಲ್ಲ."

ಆ ಮಾತನ್ನು ನಾನು ನಡೆಸಿಕೊಟ್ಟೆ. ಮಗಳು ಹೇಳಿದಳೆಂದು ನಡೆಸಿಕೊಟ್ಟೆ ಎಂದರೆ ಅದೂ ಇನ್ನೊಂದು ಸುಳ್ಳು. ಹೋಗದಿರುವುದು ನನಗೂ ಅನುಕೂಲವಾಗಿತ್ತು.

ಮುಂದಿನ ವರ್ಷ ಶೀಗಿ ಹುಣ್ಣಿಮೆಯ ಹಿಂದಿನ ದಿನ ಅವರು ಫೋನ್ ಮಾಡಿದರು. ನಾನು ಮನೆಯಲ್ಲಿ ಒಬ್ಬಳೇ ಇದ್ದೆ, ಕೈಯಲ್ಲಿ ಕೆಲಸವೂ ಇರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಅದು ತಾನಾಗಿ ನಿಲ್ಲುವವರೆಗೆ ನೋಡುತ್ತ ಕುಳಿತೆ. ಅವರು ಎರಡನೆಯ ಸಲ ಮಾಡಲಿಲ್ಲ.